ಮುಂದೆ ಆಡುವವನ ಹಿಂದಿನ ಓಟ

(ಯಡೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಬೆಳಿಗ್ಗೆ ವೀರಭದ್ರನ ದರ್ಶನ ಮಾಡಿಕೊಂಡು ಕೃಷ್ಣೆಯ ದಂಡೆಗೆ ಹೋಗಿ ಒಂದು ಗಳಿಗೆ ನಿಂತು ಬಂದೆ. ಕ್ರೀಡೆಯ ಬಗ್ಗೆ ಮಾತಾಡಬೇಕು ಎಂದು ಕರೆ ಬಂದಾಗ ನಾನು ಕುಸ್ತಿಯನ್ನೋ ಕಬಡ್ಡಿಯನ್ನೋ ಆರಿಸುತ್ತೇನೆ ಎಂದು ನೀವು ಎಣಿಸಿದ್ದಿರಬಹುದು. ತಾಲೀಮಿನ ಮಣ್ಣು ಮೈಗೆ ಹತ್ತಿದ ಸೀಮೆ ಇದು. ಆದರೂ ನಾನು ಹಾಕಿಯನ್ನು ಆರಿಸಿದ್ದೇನೆ. ಅದರಲ್ಲೂ ಒಂದು ಬಗೆಯ ಆಟಗಾರನನ್ನು: ಫಾರ್ವರ್ಡ್ ಸಾಲಿನಲ್ಲಿ ಆಡುತ್ತಲೇ ರಕ್ಷಣೆಯಲ್ಲಿ ಹೆಸರು ಮಾಡಿದವನನ್ನು. ಒಬ್ಬರು ನಮ್ಮ ಕೊಡಗಿನವರು, ಕೃತಕ ಹುಲ್ಲಿನ ಮೇಲೆ ಆಡಿದವರು. ಇನ್ನೊಬ್ಬರು ಕೆನಡಾದವರು, ಮಂಜಿನ ಮೇಲೆ ಆಡಿದವರು. ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡುವುದಕ್ಕೆ ನನಗೊಂದು ಕಾರಣವಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ದೈಹಿಕ ಶಿಕ್ಷಕನಾಗಿದ್ದ ಕಾಲದ ಮಾತು. ನಮ್ಮ ಶಾಲೆಯ ಹಾಕಿ ತಂಡದಲ್ಲಿ ಒಬ್ಬ ಹುಡುಗನಿದ್ದ. ಲೆಫ್ಟ್ ಇನ್, ಅಂದರೆ ಎಡಬದಿಯ ಫಾರ್ವರ್ಡ್ ಆಗಿ ಆಡುತ್ತಿದ್ದ. ಇಡೀ ವರ್ಷದಲ್ಲಿ ಅವನು ಹೊಡೆದದ್ದು ಎರಡೋ ಮೂರೋ ಗೋಲು. ಜಿಲ್ಲಾ ಮಟ್ಟದ ಪಂದ್ಯಾವಳಿಯಲ್ಲಿ ಸೆಮಿಫೈನಲ್ ಬಂದಾಗ ನಾನು ಅವನನ್ನು ಕೂರಿಸಿ, ಚೆಂಡು ಕಂಡರೆ ಗೋಲಿಗೆ ಹೊಡೆಯುವ ಮತ್ತೊಬ್ಬನನ್ನು ಇಳಿಸಿದೆ. ಹುಡುಗ ಶೂ ಲೇಸು ಕಟ್ಟುತ್ತಿದ್ದವನು ತಲೆ ಎತ್ತಿ, "ಸರ್, ನಾ ಇವತ್ತ ಹೊರಗ ಕುಂದ್ರಬೇಕೇನ್ರಿ?" ಎಂದು ಕೇಳಿದ. "ಹೂಂ" ಎಂದೆ. ಅವನು ಮತ್ತೆ ಮಾತಾಡಲಿಲ್ಲ. ನೀರಿನ ಕೊಡ ತೊಳೆದು ತುಂಬಿಸಿಟ್ಟ.

ಆ ದಿನ ನಾವು ಎರಡು ಗೋಲು ಹೊಡೆದೆವು, ನಾಲ್ಕು ತಿಂದೆವು. ನಾಲ್ಕರಲ್ಲಿ ಮೂರು ಬಂದದ್ದು ನಮ್ಮ ಎಡಬದಿಯಿಂದ. ಎದುರಾಳಿಯ ರೈಟ್ ಹಾಫ್ ಚೆಂಡು ಇಟ್ಟುಕೊಂಡು ಅರ್ಧ ಮೈದಾನ ದಾಟಿ ಬರುತ್ತಿದ್ದ, ಅವನನ್ನು ಕೇಳುವವರೇ ಇರಲಿಲ್ಲ. ಅಲ್ಲಿಯವರೆಗೆ ಅವನಂಥವರನ್ನು ಯಾರು ತಡೆಯುತ್ತಿದ್ದರು ಎಂಬುದು ನನಗೆ ಆಗ ಗೊತ್ತಾಯಿತು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ನನ್ನ ಪುಸ್ತಕದಲ್ಲಿ ಗೋಲಿಗೆ ಮಾತ್ರ ಕಲಮು ಇತ್ತು. ಆ ಸೋಲಿನ ನಂತರ ನಾನು ಹಾಕಿ ನೋಡುವ ರೀತಿಯೇ ಬದಲಾಯಿತು. ಚೆಂಡು ಇದ್ದವನನ್ನು ಬಿಟ್ಟು, ಚೆಂಡು ಕಳೆದುಕೊಂಡವನನ್ನು ನೋಡತೊಡಗಿದೆ.

ಯಡೂರಿನವರಿಗೆ ಇದನ್ನು ಹೊಳೆಯ ಲೆಕ್ಕದಲ್ಲಿ ಹೇಳಬಹುದು. ಮಳೆಗಾಲದಲ್ಲಿ ಕಲ್ಲೋಳ–ಯಡೂರು ಬಾಂದಾರ ಮುಳುಗುವ ಹೊತ್ತು ನೀವು ಏನು ಮಾಡುತ್ತೀರಿ? ನೀರು ಹೊಸ್ತಿಲಿಗೆ ಬರಲಿ, ಆಮೇಲೆ ನೋಡೋಣ ಎಂದು ಕುಳಿತುಕೊಳ್ಳುವುದಿಲ್ಲ. ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎಂದು ಮೊದಲೇ ಕೇಳುತ್ತೀರಿ, ದನಕರು ಹೊಡೆದುಕೊಂಡು ಎತ್ತರಕ್ಕೆ ಹೋಗುತ್ತೀರಿ, ಪಂಪ್‌ಸೆಟ್ ಬಿಚ್ಚಿ ತರುತ್ತೀರಿ. ಹಾಕಿಯಲ್ಲಿ ಗೋಲ್‌ಕೀಪರೂ ಡಿಫೆಂಡರುಗಳೂ ಹೊಸ್ತಿಲಲ್ಲಿ ನಿಂತವರು. ನೀರು ಮೇಲಿರುವಾಗಲೇ ಎಚ್ಚರಾಗಬೇಕಾದವನು ಫಾರ್ವರ್ಡ್. ಚೆಂಡು ಕೈತಪ್ಪಿದ ಜಾಗ ಅವನ ಕಾಲಬುಡದಲ್ಲೇ ಇರುತ್ತದೆ. ಅಲ್ಲೇ ಎರಡು ಹೆಜ್ಜೆ ಹಾಕಿ ಅಡ್ಡ ನಿಂತರೆ ಹಿಂದಿನ ಏಳೆಂಟು ಜನರ ಐವತ್ತು ಹೆಜ್ಜೆ ಉಳಿಯುತ್ತವೆ.

ನಮ್ಮ ಕಬಡ್ಡಿ ನೋಡಿದವರಿಗೂ ಇದು ಅರ್ಥವಾಗುತ್ತದೆ. ದಾಳಿಗೆ ಹೋಗಿ ಎರಡು ಅಂಕ ತಂದವನು ಮರುಗಳಿಗೆ ತನ್ನ ಅಂಗಳಕ್ಕೆ ಬಂದು ಸರಪಳಿಯಲ್ಲಿ ಕೈ ಕೊಡಬೇಕು. ಉಸಿರು ಹತ್ತಿದೆ ಎಂದು ಮೂಲೆಯಲ್ಲಿ ನಿಂತರೆ ಎದುರಿನ ದಾಳಿಗಾರ ಅವನನ್ನೇ ಮುಟ್ಟಿ ಹೋಗುತ್ತಾನೆ.

ಬೆಳಗಾವಿ ಸೀಮೆಗೂ ಹಾಕಿಗೂ ಹಳೆಯ ನಂಟು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಆದರೆ ಕರ್ನಾಟಕದಲ್ಲಿ ಹಾಕಿಯ ತವರು ಎಂದರೆ ಕೊಡಗು. 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ಎಂ.ಎಂ. ಸೋಮಯ್ಯ, ಎಲ್ಲರೂ ಆ ಜಿಲ್ಲೆಯವರು. ನಾನು ಇಂದು ಹೇಳಬೇಕೆಂದಿರುವುದು ಅವರ ನಂತರದ ಪೀಳಿಗೆಯ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಬಗ್ಗೆ.

ಸುನಿಲ್ ಹುಟ್ಟಿದ್ದು 1989ರ ಮೇ 6ರಂದು. ತಾಯಿಯನ್ನು ಕಳೆದುಕೊಂಡಾಗ ಅವರಿನ್ನೂ ಬಾಲಕ. ತಂದೆ ವಿಠಲಾಚಾರ್ಯರು ಬಡಗಿ ಕೆಲಸದವರು. ಒಳ್ಳೆಯ ಸ್ಟಿಕ್ ಕೊಳ್ಳುವ ಅನುಕೂಲವಿಲ್ಲದೆ ಬಿದಿರಿನ ಕೋಲಿನಲ್ಲಿ ಆಟ ಶುರುಮಾಡಿದ ಹುಡುಗ ಹದಿನೆಂಟನೇ ವಯಸ್ಸಿಗೆ, 2007ರ ಚೆನ್ನೈ ಏಷ್ಯಾ ಕಪ್‌ನಲ್ಲಿ ಭಾರತದ ಅಂಗಿ ತೊಟ್ಟರು. ಆ ಕಪ್ ಭಾರತಕ್ಕೆ ಬಂತು. 2009ರಲ್ಲಿ ಮಲೇಷ್ಯಾದಲ್ಲಿ ಸುಲ್ತಾನ್ ಅಜ್ಲಾನ್ ಷಾ ಕಪ್ ನಡೆಯುತ್ತಿರುವಾಗ ತಂದೆ ತೀರಿಕೊಂಡ ಸುದ್ದಿ ಬಂತು. ಸುನಿಲ್ ತಂಡದ ಜೊತೆಯೇ ಉಳಿದು ಆಡಿದರು. ಆ ಕಪ್ಪೂ ಭಾರತಕ್ಕೇ ಬಂತು.

ಅವರ ವೇಗದ ಬಗ್ಗೆ ಎಲ್ಲರೂ ಬರೆದಿದ್ದಾರೆ. ಬಲಬದಿಯ ಗೆರೆ ಹಿಡಿದು ಓಡಿದರೆ ಯುರೋಪಿನ ಡಿಫೆಂಡರುಗಳು ಹಿಂದೆ ಉಳಿಯುತ್ತಿದ್ದರು. ನಾನು ಟಿವಿ ಮುಂದೆ ಕುಳಿತಾಗ ಕಾಯುತ್ತಿದ್ದದ್ದು ಬೇರೆ ಒಂದು ಗಳಿಗೆಗಾಗಿ. ಓಟ ಮುಗಿದು, ಕ್ರಾಸ್ ತಪ್ಪಿ, ಚೆಂಡು ಎದುರಾಳಿಯ ಸ್ಟಿಕ್‌ಗೆ ಹೋದಾಗ ಈ ಮನುಷ್ಯ ಏನು ಮಾಡುತ್ತಾರೆ? ಸೊಂಟದ ಮೇಲೆ ಕೈ ಇಟ್ಟು ನಿಲ್ಲುವ ಫಾರ್ವರ್ಡ್‌ಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸುನಿಲ್ ತಿರುಗುತ್ತಿದ್ದರು. ಮುಂದಕ್ಕೆ ಓಡಿದ ಕಾಲುಗಳೇ ಹಿಂದಕ್ಕೂ ಓಡುತ್ತಿದ್ದವು. ವೇಗ ಎನ್ನುವುದು ರಕ್ಷಣೆಗೂ ಬಂಡವಾಳ ಎಂಬುದನ್ನು ನಾನು ಆ ತಿರುವಿನಲ್ಲಿ ಕಂಡೆ.

ಹಿಂದಿನಿಂದ ಬಂದು ಚೆಂಡು ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಮಕ್ಕಳಿಗೆ ತೋರಿಸುತ್ತೇನೆ. (ಇಲ್ಲಿ ಸ್ಟಿಕ್ ಹಿಡಿದು ತೋರಿಸಲಾಯಿತು.) ಹಾಕಿ ಸ್ಟಿಕ್‌ಗೆ ಒಂದೇ ಮುಖ, ಎಡಬದಿಯದು. ದುಂಡನೆಯ ಹಿಂಬದಿ ಚೆಂಡಿಗೆ ತಾಗಿದರೆ ಫೌಲ್. ಮೈ ತಾಗಿದರೆ ಫೌಲ್. ಎದುರಾಳಿಯ ಸ್ಟಿಕ್ ಮೇಲೆ ಹೊಡೆದರೂ ಫೌಲ್. ಹಾಗಾಗಿ ಬೆನ್ನಟ್ಟುವವನು ಮೊದಲು ಅವನ ಹೆಗಲಿಗೆ ಹೆಗಲಾಗಬೇಕು. ಎಡಗೈ ಹಿಡಿಕೆಯ ತುದಿಯಲ್ಲಿ, ಬಲಗೈ ಸಡಿಲ. ಮಂಡಿ ಬಗ್ಗಿರಬೇಕು, ಸ್ಟಿಕ್ ನೆಲಕ್ಕೆ ಹತ್ತಿರವಿರಬೇಕು. ಎದುರಾಳಿ ಚೆಂಡನ್ನು ಒಂದು ಗೇಣು ಮುಂದೆ ಬಿಟ್ಟ ಕ್ಷಣದಲ್ಲಿ ಹಾವು ನಾಲಿಗೆ ಚಾಚಿದ ಹಾಗೆ ಸ್ಟಿಕ್ ಹೋಗಿ ಬರಬೇಕು. ಚೆಂಡು ಸಿಗದಿದ್ದರೂ ಅವನು ಒಮ್ಮೆ ತಲೆ ತಗ್ಗಿಸಿ ನೋಡಿದರೆ ಸಾಕು. ಅಷ್ಟರಲ್ಲಿ ನಮ್ಮ ಹಾಫ್‌ಗಳು ಜಾಗಕ್ಕೆ ಬಂದಿರುತ್ತಾರೆ. ಇದಕ್ಕೆ ಚಪ್ಪಾಳೆ ಬೀಳುವುದಿಲ್ಲ, ಅಂಕಪಟ್ಟಿಯಲ್ಲಿ ಜಾಗವಿಲ್ಲ.

ಆಟದ ನಿಯಮಗಳೂ ಈ ಕೆಲಸವನ್ನು ಹೆಚ್ಚಿಸಿದವು. 1990ರ ದಶಕದಲ್ಲಿ ಆಫ್‌ಸೈಡ್ ನಿಯಮ ಹೋಯಿತು. ಆಮೇಲೆ ತಮಗೇ ಪಾಸ್ ಕೊಟ್ಟುಕೊಂಡು ಫ್ರೀ ಹಿಟ್ ಶುರುಮಾಡುವ ಅವಕಾಶ ಬಂತು. ಮೂವತ್ತೈದು ನಿಮಿಷದ ಎರಡು ಅವಧಿಗಳ ಬದಲು ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್‌ಗಳು ಬಂದವು. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದ ಮೇಲೆ ದಮ್ಮು ಉಳಿಸಿಕೊಂಡು ಆಡುವ ಕಾಲ ಮುಗಿಯಿತು. ಫಾರ್ವರ್ಡ್ ಕೆಲವೇ ನಿಮಿಷ ಮೈದಾನದಲ್ಲಿರುತ್ತಾನೆ, ಇದ್ದಷ್ಟು ಹೊತ್ತು ಎದುರಾಳಿಯ ಡಿಫೆಂಡರುಗಳಿಗೆ ಉಸಿರಾಡಲು ಬಿಡಬಾರದು. ಸುನಿಲ್ ಅವರ ಹದಿನಾಲ್ಕು ವರ್ಷಗಳ ಆಟ ಸರಿಯಾಗಿ ಈ ಬದಲಾವಣೆಯ ಮಧ್ಯೆ ನಡೆಯಿತು.

ಆ ಹದಿನಾಲ್ಕು ವರ್ಷಗಳಲ್ಲಿ ಏನೆಲ್ಲ ಬಂತು! 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಡಿದ ಎಲ್ಲ ಪಂದ್ಯಗಳನ್ನೂ ಸೋತು ಹನ್ನೆರಡನೆಯ, ಅಂದರೆ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಎರಡೇ ವರ್ಷದಲ್ಲಿ ಅದೇ ಭಾರತ ಇಂಚಿಯಾನ್ ಏಷ್ಯನ್ ಗೇಮ್ಸ್‌ನ ಚಿನ್ನ ಗೆದ್ದಿತು. ಎರಡರಲ್ಲೂ ಸುನಿಲ್ ಇದ್ದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲೂ ಇದ್ದರು. 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಢಾಕಾದಲ್ಲಿ ಮತ್ತೊಂದು ಏಷ್ಯಾ ಕಪ್ ಬಂತು. 2018ರಲ್ಲಿ ಭುವನೇಶ್ವರದ ವಿಶ್ವಕಪ್ ಮುಂದಿರುವಾಗ ಮಂಡಿಗೆ ಪೆಟ್ಟಾಯಿತು. ಸ್ವಂತ ನೆಲದ ವಿಶ್ವಕಪ್ ತಪ್ಪಿತು. ನಲವತ್ತೊಂದು ವರ್ಷಗಳ ನಂತರ ಭಾರತ ಟೋಕಿಯೊದಲ್ಲಿ ಒಲಿಂಪಿಕ್ ಪದಕ ಗೆದ್ದಾಗಲೂ ಅವರು ತಂಡದಲ್ಲಿರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು. 264 ಪಂದ್ಯ, 72 ಗೋಲು. ಮೂರೂವರೆ ಪಂದ್ಯಕ್ಕಿಂತ ಹೆಚ್ಚು ಆಡಿದರೆ ಒಂದು ಗೋಲು. ಗೋಲಿನ ಕಲಮು ಮಾತ್ರ ಇರುವ ಪುಸ್ತಕದಲ್ಲಿ ಉಳಿದ ಪಂದ್ಯಗಳೆಲ್ಲ ಖಾಲಿ ಸಾಲುಗಳು. ಕೋಚ್‌ಗಳು ಬದಲಾದರು, ತಂಡಗಳು ಬದಲಾದವು, ಇವರ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯುತ್ತಲೇ ಬಂತು. ಆ ಖಾಲಿ ಸಾಲುಗಳಲ್ಲಿ ಏನಿತ್ತು ಎಂದು ಕೋಚ್‌ಗಳಿಗೆ ಗೊತ್ತಿತ್ತು.

ಈಗ ಮಂಜಿನ ಹಾಕಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಲಡಾಖಿನ ಲೇಹ್‌ನಲ್ಲಿ, ಹಿಮಾಚಲದ ಕಾಜಾದಲ್ಲಿ ಚಳಿಗಾಲಕ್ಕೆ ಕೆರೆಯ ನೀರು ಹೆಪ್ಪುಗಟ್ಟಿದಾಗ ಇದನ್ನು ಆಡುತ್ತಾರೆ. ಕೆನಡಾದಲ್ಲಿ ಇದು ಮನೆಮನೆಯ ಆಟ. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ ಹೆಚ್ಚೆಂದರೆ 170 ಗ್ರಾಂ. ಇನ್ನೂರು ಅಡಿ ಉದ್ದದ ಮಂಜಿನ ಅಂಗಳದಲ್ಲಿ ಗೋಲ್‌ಕೀಪರೂ ಸೇರಿ ಆರಾರು ಜನ. ಸ್ಕೇಟ್ ಕಟ್ಟಿ ಓಡುವ ವೇಗಕ್ಕೆ ಮುಕ್ಕಾಲು ನಿಮಿಷದಲ್ಲಿ ದಮ್ಮು ಹೋಗುತ್ತದೆ. ಆಡಿದವರು ಬೇಲಿ ಹಾರಿ ಹೊರಗೆ ಬರುತ್ತಾರೆ, ಹೊಸಬರು ಹಾರಿ ಇಳಿಯುತ್ತಾರೆ. ಅಮೆರಿಕ ಮತ್ತು ಕೆನಡಾದ ತಂಡಗಳು ಸೇರಿ ಆಡುವ ನ್ಯಾಷನಲ್ ಹಾಕಿ ಲೀಗ್‌ನಲ್ಲಿ 2010–11ರ ಋತುವಿಗೆ 82 ಪಂದ್ಯ ಇದ್ದವು.

ಆ ಲೀಗ್ ಒಂದು ದೊಡ್ಡ ಕೆಲಸ ಮಾಡಿದೆ. ರಕ್ಷಣೆಯಲ್ಲಿ ಎಲ್ಲರಿಗಿಂತ ಮೇಲಾದ ಫಾರ್ವರ್ಡ್‌ಗೆ ಎಂದೇ 1978ರಿಂದ ಪ್ರತಿ ವರ್ಷ ಸೆಲ್ಕೆ ಟ್ರೋಫಿ ಕೊಡುತ್ತಿದೆ. ಮೊದಲ ನಾಲ್ಕು ವರ್ಷ ಅದನ್ನು ಮಾಂಟ್ರಿಯಲ್‌ನ ಬಾಬ್ ಗೇನಿ ಒಬ್ಬರೇ ಪಡೆದರು. ಬಾಸ್ಟನ್‌ನ ಪಾಟ್ರಿಸ್ ಬರ್ಜರಾನ್ ಆರು ಸಲ ಪಡೆದರು. ಇದನ್ನು ಓದಿದ ದಿನ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ತಾಲೂಕು ಪಂದ್ಯಾವಳಿಗಳಲ್ಲಿ ಅತಿ ಹೆಚ್ಚು ಗೋಲಿಗೆ ಕಪ್ ಇರುತ್ತದೆ, ಉತ್ತಮ ಗೋಲ್‌ಕೀಪರ್‌ಗೂ ಇರುತ್ತದೆ. ಹಿಂದಕ್ಕೆ ಓಡಿದವನಿಗೆ ಒಂದು ಸ್ಟೀಲ್ ತಟ್ಟೆಯೂ ಇರುವುದಿಲ್ಲ.

ಮ್ಯಾನಿ ಮಲ್ಹೋತ್ರಾ ಎಂಬ ಹೆಸರನ್ನು ಮಕ್ಕಳು ನೆನಪಿಟ್ಟುಕೊಳ್ಳಬೇಕು. 1980ರ ಮೇ 18ರಂದು ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿ ಹುಟ್ಟಿದವರು. ತಂದೆ ಪಂಜಾಬಿ ಮೂಲದ ರಸಾಯನ ವಿಜ್ಞಾನಿ, ತಾಯಿ ಫ್ರೆಂಚ್ ಮಾತಿನ ಕೆನಡಾದವರು. ಹುಡುಗನ ಕಿರಿಯರ ಹಾಕಿ ನೋಡಿದವರು ಇವನ ಮೇಲೆ ದೊಡ್ಡ ಭರವಸೆ ಇಟ್ಟಿದ್ದರು. 1998ರ ಆಯ್ಕೆಯಲ್ಲಿ ಇಡೀ ಲೀಗ್‌ಗೆ ಏಳನೆಯವನಾಗಿ ನ್ಯೂಯಾರ್ಕ್ ರೇಂಜರ್ಸ್ ತಂಡ ಅವರನ್ನು ಎತ್ತಿಕೊಂಡಿತು. ಹದಿನೆಂಟಕ್ಕೇ ದೊಡ್ಡ ಲೀಗ್‌ನ ಅಂಗಳಕ್ಕಿಳಿದರು. 2000ನೇ ಇಸವಿಯ ಕಿರಿಯರ ವಿಶ್ವ ಪಂದ್ಯಾವಳಿಯಲ್ಲಿ ಕೆನಡಾದ ನಾಯಕರಾದರು.

ಗೋಲುಗಳು ಬರಲಿಲ್ಲ. ನ್ಯೂಯಾರ್ಕ್‌ನವರು 2002ರಲ್ಲಿ ಡಲ್ಲಾಸ್‌ಗೆ ಕೊಟ್ಟರು. ಡಲ್ಲಾಸ್‌ನವರು ಬಿಟ್ಟಾಗ 2003ರಲ್ಲಿ ಕೊಲಂಬಸ್‌ನವರು ಕರೆದುಕೊಂಡರು. ಏಳನೆಯವನಾಗಿ ಆಯ್ಕೆಯಾದ ಹುಡುಗ ಇಪ್ಪತ್ಮೂರಕ್ಕೆ ಮೂರನೇ ತಂಡದಲ್ಲಿದ್ದ. ಇಂಥ ತಿರುವಿನಲ್ಲಿ ನಮ್ಮ ಎಷ್ಟೋ ಹುಡುಗರು ಆಟ ಬಿಟ್ಟು ಮನೆಗೆ ಬಂದದ್ದನ್ನು ನೋಡಿದ್ದೇನೆ. ಮಲ್ಹೋತ್ರಾ ತಮ್ಮ ಕೆಲಸವನ್ನೇ ಬದಲಿಸಿಕೊಂಡರು. ಎದುರಾಳಿಯ ಅತಿ ಬಲಿಷ್ಠ ಸಾಲನ್ನು ಕಟ್ಟಿಹಾಕುವುದು, ತಮ್ಮ ತಂಡದವನು ಶಿಕ್ಷೆಗೆ ಹೊರಗೆ ಕುಳಿತ ಎರಡು ನಿಮಿಷ ಒಬ್ಬ ಕಡಿಮೆ ಇದ್ದೂ ಗೋಲು ಬೀಳದಂತೆ ನೋಡಿಕೊಳ್ಳುವುದು, ಮತ್ತು ಫೇಸ್‌ಆಫ್ ಗೆಲ್ಲುವುದು.

ಫೇಸ್‌ಆಫ್ ಎಂದರೇನು ಎಂದು ಹೇಳಲೇಬೇಕು, ಈ ಮನುಷ್ಯನ ಜೀವಮಾನದ ಕಸುಬು ಅದು. ಆಟ ನಿಂತಾಗಲೆಲ್ಲ ಇಬ್ಬರು ಎದುರುಬದುರು ಬಗ್ಗಿ ನಿಲ್ಲುತ್ತಾರೆ. ತಲೆಗೆ ತಲೆ ತಾಗುವಷ್ಟು ಹತ್ತಿರ. ತೀರ್ಪುಗಾರನೊಬ್ಬ ಪಕ್ಕನ್ನು ಇಬ್ಬರ ನಡುವೆ ಬಿಡುತ್ತಾನೆ. ಅದು ಮಂಜು ಮುಟ್ಟುವ ಹೊತ್ತಿಗೆ ಯಾರ ಸ್ಟಿಕ್ ಅದನ್ನು ತನ್ನವನ ಕಡೆಗೆ ಎಳೆದುಕೊಂಡಿತು ಎಂಬುದರ ಮೇಲೆ ಎಲ್ಲ ನಿಂತಿದೆ. ಕುಸ್ತಿ ನೋಡಿದವರು ನೀವು. ಕೈಗೆ ಕೈ ಕೊಟ್ಟು ಸಲಾಮಿ ಆದ ಮರುಕ್ಷಣ ಯಾರು ಮೊದಲು ಕುತ್ತಿಗೆಗೆ ಕೈ ಹಾಕಿದರು ಎಂದು ಕಣ್ಣಿಟ್ಟು ಕಾಯುತ್ತೀರಲ್ಲ, ಅದೇ ಗಳಿಗೆ. ಆ ತೀರ್ಪುಗಾರನ ಕೈಯನ್ನು ಓದಬೇಕು. ಎದುರಿನವನು ಸ್ಟಿಕ್‌ನ ಕೆಳಗೈಯನ್ನು ಹೇಗೆ ತಿರುಗಿಸಿದ್ದಾನೆ ಎಂದು ನೋಡಿ ಅವನು ಎತ್ತ ಎಳೆಯುತ್ತಾನೆ ಎಂದು ಊಹಿಸಬೇಕು. ಮೈಯನ್ನು ಅವನಿಗಿಂತ ತಗ್ಗಿಸಬೇಕು. ನೂರು ಫೇಸ್‌ಆಫ್‌ಗಳಲ್ಲಿ ಐವತ್ತು ಗೆದ್ದವನು ಸಾಧಾರಣ. ಐವತ್ತೈದು ಗೆದ್ದವನು ಗಟ್ಟಿಗ. 2010–11ರಲ್ಲಿ ಮಲ್ಹೋತ್ರಾ ಅರವತ್ತೊಂದಕ್ಕೂ ಹೆಚ್ಚು ಗೆದ್ದರು.

ಅದು ಅವರು ವ್ಯಾಂಕೂವರ್ ಕನಕ್ಸ್ ತಂಡಕ್ಕೆ ಬಂದ ಮೊದಲ ವರ್ಷ. ಆ ತಂಡದಲ್ಲಿ ಸ್ವೀಡನ್‌ನ ಅವಳಿ ಸಹೋದರರಿದ್ದರು, ಹೆನ್ರಿಕ್ ಸೆಡಿನ್ ಮತ್ತು ಡೇನಿಯಲ್ ಸೆಡಿನ್. ಕೋಚ್ ಅಲೆನ್ ವಿನ್ಯೊ ಒಂದು ಲೆಕ್ಕ ಹಾಕಿದರು. ನಮ್ಮ ಗೋಲಿನ ಹತ್ತಿರ ಆಟ ಶುರುವಾಗುವಾಗಲೆಲ್ಲ ಮಲ್ಹೋತ್ರಾ ಇಳಿಯಬೇಕು. ಎದುರಾಳಿಯ ಗೋಲಿನ ಹತ್ತಿರ ಶುರುವಾಗುವಾಗ ಸೆಡಿನ್ ಅವಳಿಗಳು. ಅಂದರೆ ಗಂಡಾಂತರದ ಜಾಗವೆಲ್ಲ ಒಬ್ಬನಿಗೆ, ಫಲದ ಜಾಗವೆಲ್ಲ ಇನ್ನಿಬ್ಬರಿಗೆ. ಆ ವರ್ಷ ಡೇನಿಯಲ್ ಸೆಡಿನ್, ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ, 104 ಅಂಕಗಳೊಂದಿಗೆ ಲೀಗ್‌ಗೆ ಮೊದಲಿಗರಾದರು. ಭಾರವಾದ ರಕ್ಷಣೆಯ ಕೆಲಸ ತುಸು ಹಗುರಾದ ರಯಾನ್ ಕೆಸ್ಲರ್ 41 ಗೋಲು ಹೊಡೆದು, ಸೆಲ್ಕೆ ಟ್ರೋಫಿಯನ್ನೂ ಪಡೆದರು. ತಂಡ ಇಡೀ ಲೀಗ್‌ನಲ್ಲಿ ಮೇಲೆ ನಿಂತಿತು. ಮಲ್ಹೋತ್ರಾ ಅವರ ಪಾಲಿಗೆ ಬಂದದ್ದು 72 ಪಂದ್ಯಗಳಲ್ಲಿ 11 ಗೋಲು. ಸೆಲ್ಕೆ ಟ್ರೋಫಿ ಅವರ ಕೈಗೆ ಕೊನೆಯವರೆಗೂ ಬರಲಿಲ್ಲ. ಕೆಸ್ಲರ್‌ಗೆ ಅದು ತಕ್ಕುದೇ. ಆದರೂ ಆ ಟ್ರೋಫಿಯ ಒಂದು ಪಾಲು ಮಲ್ಹೋತ್ರಾ ಅವರದು ಎಂದು ನಾನು ನಂಬಿದ್ದೇನೆ.

72 ಪಂದ್ಯ ಎಂದೆ. ಉಳಿದ ಹತ್ತನ್ನು ಏಕೆ ಆಡಲಿಲ್ಲ ಎಂದರೆ, 2011ರ ಮಾರ್ಚ್ 16ರಂದು ಕೊಲರಾಡೊ ವಿರುದ್ಧದ ಪಂದ್ಯದಲ್ಲಿ ಪಕ್ ಎಗರಿ ಬಂದು ಎಡಗಣ್ಣಿಗೆ ಬಡಿಯಿತು. ಮುಖ ಮುಚ್ಚಿಕೊಂಡೇ ಹೊರಗೆ ಹೋದರು. ಶಸ್ತ್ರಚಿಕಿತ್ಸೆಗಳಾದವು. ಈ ಋತುವಿಗೆ ಇನ್ನು ಆಡುವುದಿಲ್ಲ ಎಂದು ತಂಡ ಹೇಳಿತು. ಜೂನ್ 4ರಂದು, ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಫೈನಲ್‌ನ ಎರಡನೇ ಪಂದ್ಯದಲ್ಲಿ, ಪೂರ್ತಿ ಮುಖ ಮುಚ್ಚುವ ಕವಚ ಹಾಕಿಕೊಂಡು ಅವರು ಮತ್ತೆ ಇಳಿದರು. ಮೊದಲ ಫೇಸ್‌ಆಫ್‌ಗೆ ಬಗ್ಗುವ ಹೊತ್ತಿಗೆ ವ್ಯಾಂಕೂವರ್‌ನ ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು. ಆ ವಿಡಿಯೊವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹೆಚ್ಚು ಗೋಲು ಹೊಡೆಯದವನಿಗೆ ಒಂದು ಊರು ಎದ್ದು ನಿಂತ ದೃಶ್ಯ ಅದು. ಆ ಪಂದ್ಯ ಗೆದ್ದರು, ಕಪ್ಪು ಮಾತ್ರ ಏಳನೇ ಪಂದ್ಯದಲ್ಲಿ ಬಾಸ್ಟನ್ ಪಾಲಾಯಿತು.

ಕಣ್ಣು ಮೊದಲಿನಂತೆ ಆಗಲಿಲ್ಲ. 2013ರ ಫೆಬ್ರುವರಿಯಲ್ಲಿ, ಈ ದೃಷ್ಟಿಯಲ್ಲಿ ಆಡುವುದು ಅವರಿಗೇ ಅಪಾಯ ಎಂದು ತಂಡವೇ ಅವರನ್ನು ಹೊರಗಿಟ್ಟಿತು. ಅವರು ಒಂದು ಮೆಟ್ಟಿಲು ಕೆಳಗಿನ ಲೀಗ್‌ಗೆ, ಷಾರ್ಲೆಟ್ ಚೆಕರ್ಸ್ ತಂಡಕ್ಕೆ ಹೋಗಿ ತಮ್ಮನ್ನು ಮತ್ತೆ ಪರೀಕ್ಷೆಗೆ ಒಡ್ಡಿಕೊಂಡರು. ಅಲ್ಲಿಂದ ಕ್ಯಾರೊಲಿನಾ ತಂಡಕ್ಕೆ, ಮರುವರ್ಷ ಮಾಂಟ್ರಿಯಲ್‌ಗೆ. ಮಾಂಟ್ರಿಯಲ್‌ನಲ್ಲಿ 58 ಪಂದ್ಯ ಆಡಿದರು, ಒಂದೂ ಗೋಲು ಹೊಡೆಯಲಿಲ್ಲ. ಮಕ್ಕಳೇ, ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಬಾಬ್ ಗೇನಿ ಆಡಿದ ತಂಡ, ಹಾಕಿಯನ್ನು ಉಸಿರಾಡುವ ಊರು, ಒಂದೂ ಗೋಲು ಹೊಡೆಯದ ಫಾರ್ವರ್ಡ್‌ನನ್ನು 58 ಸಲ ಇಳಿಸಿತು. ತಮ್ಮ ಗೋಲಿನ ಮುಂದೆ ಪಕ್ ಬೀಳುವಾಗ ಬಗ್ಗಿ ನಿಲ್ಲಲು ಅವರೇ ಬೇಕಾಗಿದ್ದರು. ಒಟ್ಟು 991 ಪಂದ್ಯ, 116 ಗೋಲು. ಸಾವಿರಕ್ಕೆ ಒಂಬತ್ತು ಕಡಿಮೆ.

ಆಮೇಲೆ ಕೋಚ್ ಆದರು. ವ್ಯಾಂಕೂವರ್ ಮತ್ತು ಟೊರೊಂಟೊ ತಂಡಗಳಲ್ಲಿ ಸಹಾಯಕರಾಗಿದ್ದು, 2024ರಲ್ಲಿ ಅಬಟ್ಸ್‌ಫರ್ಡ್ ಕನಕ್ಸ್‌ನ ಮುಖ್ಯ ಕೋಚ್ ಆದರು. ಮೊದಲ ವರ್ಷದಲ್ಲೇ, 2025ರ ಜೂನ್‌ನಲ್ಲಿ, ಆ ತಂಡ ಕೆಳಗಿನ ಲೀಗ್‌ನ ಕಾಲ್ಡರ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಎದುರಿಗಿದ್ದದ್ದು ಷಾರ್ಲೆಟ್ ಚೆಕರ್ಸ್. ಕಣ್ಣು ಕೆಟ್ಟ ಕಾಲದಲ್ಲಿ ಅವರಿಗೆ ಬಾಗಿಲು ತೆರೆದ ತಂಡ.

ಇಷ್ಟು ಹೇಳಿ, ದತ್ತಿಯ ಹಿರಿಯರಲ್ಲಿ ನನ್ನ ಒಂದು ಬೇಡಿಕೆ ಇಡುತ್ತೇನೆ. ಪ್ರತಿ ವರ್ಷ ಈ ದತ್ತಿಯ ಬಡ್ಡಿಯಲ್ಲಿ ಶಾಲೆಯ ಆಟಗಾರರಿಗೆ ಬಹುಮಾನ ಕೊಡುವುದೆಂದು ತೀರ್ಮಾನಿಸಿದ್ದೀರಿ. ಅದರಲ್ಲಿ ಒಂದನ್ನು, ಹಾಕಿಯಿರಲಿ, ಕಬಡ್ಡಿಯಿರಲಿ, ಮರಳಿ ಬಂದು ತಡೆದವನಿಗೆ ಇಡಿ. ಯಾರಿಗೆ ಕೊಡಬೇಕು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತೀರಿ. ಅದಕ್ಕೇ ಇದನ್ನು ತಂದಿದ್ದೇನೆ. (ಇಲ್ಲಿ ಒಂದು ನೋಟ್‌ಬುಕ್ ತೋರಿಸಲಾಯಿತು.) ಆ ಸೆಮಿಫೈನಲ್ ಸೋತ ವಾರ ಶುರುಮಾಡಿದ್ದು. ಗೋಲಿನ ಪಕ್ಕಕ್ಕೆ ಅಡಿಪಟ್ಟಿ ಇಟ್ಟು ಮೂರು ಕಲಮು ಎಳೆದಿದ್ದೇನೆ: ಕಳೆದುಕೊಂಡ ಚೆಂಡು, ಮರಳಿ ಪಡೆದ ಚೆಂಡು, ಸಿಗದಿದ್ದರೂ ಬೆನ್ನು ಬಿಡದ ಓಟ. ಮೂರನೆಯದನ್ನು ಬರೆಯುವುದೇ ಕಷ್ಟ, ಬರೆಯುವವನು ಚೆಂಡಿನಿಂದ ಕಣ್ಣು ತೆಗೆಯಬೇಕಾಗುತ್ತದೆ. ನಿವೃತ್ತಿಯಾಗುವ ತನಕ ನಮ್ಮ ತಂಡ ಆಡಿದ ಪ್ರತಿ ಪಂದ್ಯವೂ ಇದರಲ್ಲಿದೆ.

ಮೊದಲ ಪುಟ ಆ ಹುಡುಗ ಮತ್ತೆ ತಂಡಕ್ಕೆ ಬಂದ ಪಂದ್ಯದ್ದು. ಅವನ ಹೆಸರಿನ ಮುಂದೆ ಗೋಲಿನ ಕಲಮಿನಲ್ಲಿ ಸೊನ್ನೆ ಇದೆ. ಕಳೆದುಕೊಂಡದ್ದು 4, ಮರಳಿ ಪಡೆದದ್ದು 13. ಮೂರನೆಯ ಕಲಮಿನಲ್ಲಿ ನಾನು ಎಳೆದ ಗೆರೆಗಳು ಮನೆ ಹಿಡಿಸದೆ ಪುಟದ ಅಂಚಿಗೆ ಹೋಗಿವೆ. ಗುರುಗಳೇ, ಇನ್ನು ಇದು ನಿಮ್ಮ ಶಾಲೆಯದು. ಹಿಂದೆ ಎಂಬತ್ತು ಹಾಳೆ ಖಾಲಿ ಇವೆ.